ಅಳಿಯನ ಕಾರ್ ರೇಸಿಗೆ ಮೂರು ವಾರ: ಮಿಂಟ್ ಪಿಸಿ ರಿಪೇರಿ ಡೈರಿ

ಲಿನಕ್ಸ್ ಮಿಂಟ್ ಇರುವ ನನ್ನ ಹಳೇ ಪಿಸಿಯಲ್ಲಿ ಅಳಿಯನ ವಿಂಡೋಸ್ ಕಾರ್ ರೇಸ್ ಆಟ ಓಡಿಸುವ ಕೆಲಸ ಶುರುವಾಗಿದ್ದು ಏಪ್ರಿಲ್ 12ಕ್ಕೆ, ಮುಗಿದಿದ್ದು ಮೇ 3ಕ್ಕೆ. ಕೈಯಿಂದ ಬಿಟ್ಟ ದುಡ್ಡು 6,620 ರೂಪಾಯಿ. ಕೆಟ್ಟ ನಿದ್ದೆಯ ಲೆಕ್ಕ ಇಟ್ಟಿಲ್ಲ. ಹಳೇ ಬಿಲ್ ಬುಕ್ಕಿನ ಹಿಂಬದಿಗೆ ದಿನಾ ಗೀಚಿಟ್ಟಿದ್ದನ್ನು ಜೋಡಿಸಿ ಬರೆಯುತ್ತಿದ್ದೇನೆ. ಎಡವಿದ್ದನ್ನೆಲ್ಲ ತೆಗೆದುಹಾಕಿದರೆ ಅರ್ಧ ಪುಟವೂ ಆಗುವುದಿಲ್ಲ, ಅದಕ್ಕೇ ಎಲ್ಲವನ್ನೂ ಉಳಿಸಿದ್ದೇನೆ.

ಮೊದಲು ಮಷೀನಿನ ವಿಚಾರ. ಯಾವುದೋ ಆಫೀಸಿನಿಂದ ಹೊರಬಿದ್ದ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್. ಇಂಟೆಲ್ ಐ5-4570, 8 ಜಿಬಿ ರ‍್ಯಾಮ್, 240 ಜಿಬಿ ಎಸ್‌ಎಸ್‌ಡಿ, ಅದರ ಜೊತೆ ಹಳೇ 500 ಜಿಬಿ ಹಾರ್ಡ್ ಡಿಸ್ಕ್. ಮಾನಿಟರಿಗೆ ಇರುವುದು ಹಳೇ ಕಾಲದ ವಿಜಿಎ ಕನೆಕ್ಷನ್ ಒಂದೇ. ಕೊಪ್ಪಳಕ್ಕೆ ಅಂಟಿಕೊಂಡ ಭಾಗ್ಯನಗರದಲ್ಲಿ ನಮ್ಮ ಮನೆ, ಮುಂದಿನ ಕೋಣೆಯೇ ನನ್ನ ಡಿಟಿಪಿ ಅಂಗಡಿ: ಲಗ್ನಪತ್ರಿಕೆ, ಬಿಲ್ ಬುಕ್, ಜಾತ್ರೆ ಬ್ಯಾನರ್. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಅಪ್‌ಡೇಟ್ ನಿಂತಿತು. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ 8ನೇ ಪೀಳಿಗೆ ಬೇಕು, ನನ್ನದು 4ನೆಯದು. ಹೊಸ ಪಿಸಿಗೆ ದುಡ್ಡು ಹಾಕುವ ಹೊತ್ತಲ್ಲ ಅಂತ ವಿಂಡೋಸಿನ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ 22 ಹಾಕಿಕೊಂಡೆ. ಇಂಕ್‌ಸ್ಕೇಪಿನಲ್ಲಿ ಯೂನಿಕೋಡ್ ಕನ್ನಡ ಒತ್ತಕ್ಷರ ಚೆಲ್ಲಾಪಿಲ್ಲಿ ಆಗದೆ ಕೂರುತ್ತದೆ, ಪಿಡಿಎಫ್ ಸರಿಯಾಗಿ ಪ್ರೆಸ್ಸಿಗೆ ಹೋಗುತ್ತದೆ. ಆರು ತಿಂಗಳು ಒಂದೇ ಒಂದು ತಕರಾರಿಲ್ಲ.

ಬೇಸಿಗೆ ರಜೆಗೆ ಕುಷ್ಟಗಿಯಿಂದ ಅಕ್ಕನ ಮಗ ಬಂದ. ವಯಸ್ಸು 13. ಚಪ್ಪಲಿ ಬಿಡುವ ಮೊದಲೇ ಕೇಳಿದ್ದು, “ಮಾಮಾ, ನಿನ್ನ ಪಿಸಿದಾಗ ಗೇಮ್ ಐತೇನು?”

ಏಪ್ರಿಲ್ 12, ಭಾನುವಾರ

ಅವನಿಗೆ ಬೇಕಿದ್ದು ಒಂದು ಕಾರ್ ರೇಸ್ ಆಟ, ಏಳೆಂಟು ವರ್ಷ ಹಳೆಯದು, ವಿಂಡೋಸಿನದು. ಸೇಲಿನಲ್ಲಿ ಅಗ್ಗಕ್ಕೆ ಸಿಕ್ಕಾಗ ಅವನಪ್ಪ ಕೊಡಿಸಿದ್ದರು. ಲಿನಕ್ಸಿನಲ್ಲಿ ಅಂಥದ್ದನ್ನು ಓಡಿಸಲು ಸ್ಟೀಮ್ ಅನ್ನುವ ಆಟದ ಅಂಗಡಿ ಆ್ಯಪಿನೊಳಗೆ ಪ್ರೋಟಾನ್ ಅನ್ನುವ ವ್ಯವಸ್ಥೆ 2018ರಿಂದ ಇದೆ. ಮಿಂಟಿನ ಸಾಫ್ಟ್‌ವೇರ್ ಮ್ಯಾನೇಜರಿನಿಂದ ಸ್ಟೀಮ್ ಹಾಕಿದೆ, ಫ್ಲ್ಯಾಟ್‌ಪ್ಯಾಕ್ ಅನ್ನುವ ಇನ್ನೊಂದು ಬಗೆ ಬಿಟ್ಟು ಸಾದಾ ಪ್ಯಾಕೇಜನ್ನೇ ಆರಿಸಿಕೊಂಡೆ. ಸೆಟ್ಟಿಂಗಿನಲ್ಲಿ ಎಲ್ಲ ಆಟಗಳಿಗೂ ಪ್ರೋಟಾನ್ ಅಂತ ಗುರುತು ಹಾಕಿದೆ. ಡೌನ್‌ಲೋಡಿಗೆ ಮೂರೂವರೆ ತಾಸು.

ಈ ಪ್ರೊಸೆಸರಿನ ಒಳಗಿನ ಗ್ರಾಫಿಕ್ಸಿಗೆ ವಲ್ಕನ್ (ಆಟ ಗ್ರಾಫಿಕ್ಸಿನ ಜೊತೆ ಮಾತಾಡುವ ಒಂದು ಭಾಷೆ) ಅರೆಬರೆ. ಮೆಸಾ, ಅಂದರೆ ಲಿನಕ್ಸಿನ ಗ್ರಾಫಿಕ್ಸ್ ಡ್ರೈವರುಗಳ ಕಟ್ಟು, ತಾನೇ ಟರ್ಮಿನಲ್ಲಿನಲ್ಲಿ ‘ಹ್ಯಾಸ್‌ವೆಲ್‌ಗೆ ವಲ್ಕನ್ ಬೆಂಬಲ ಅಪೂರ್ಣ’ ಅನ್ನುವ ಎಚ್ಚರಿಕೆ ಕೊಡುತ್ತದೆ. ಹ್ಯಾಸ್‌ವೆಲ್ ಅಂದರೆ ನನ್ನ ಈ 4ನೇ ಪೀಳಿಗೆ. ಪ್ರೋಟಾನ್ ವಿಂಡೋಸಿನ ಡೈರೆಕ್ಟ್‌ಎಕ್ಸನ್ನು ವಲ್ಕನ್ನಿಗೆ ತಿರುಗಿಸುವುದರಿಂದ ಅದಿಲ್ಲದೆ ಗಾಡಿ ಮುಂದೆ ಹೋಗಲ್ಲ. ಇಷ್ಟು ನನಗೆ ಮೊದಲೇ ಗೊತ್ತಿತ್ತು, ಅದಕ್ಕೇ ಹಿಂದಿನ ದಿನವೇ ಒಂದು ಅಂಗಡಿಯಿಂದ ಸೆಕೆಂಡ್ ಹ್ಯಾಂಡ್ ಜಿಟಿ 730 ಕಾರ್ಡನ್ನು 2,200 ರೂಪಾಯಿಗೆ ತಂದು ಹಾಕಿದ್ದೆ. 4 ಜಿಬಿ ಅಂತ ದೊಡ್ಡದಾಗಿ ಸ್ಟಿಕ್ಕರ್ ಇತ್ತು. ಅದನ್ನೇ ನೋಡಿ ಮರುಳಾಗಿದ್ದು.

ಆಟ ತೆರೆಯಿತು. ಲೋಗೋ ಬರಲು ಒಂದು ನಿಮಿಷ. ಆಮೇಲೆ ಲಗ್ನದ ಆಲ್ಬಮ್ ತಿರುವಿದ ಹಾಗೆ ಒಂದು ಚಿತ್ರ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಚಿತ್ರ. ಅಳಿಯ ಕಾರನ್ನು ಬಲಕ್ಕೆ ತಿರುಗಿಸಿ, ಒಳಗೆ ಹೋಗಿ ನೀರು ಕುಡಿದು ಬಂದ. ಕಾರು ಆಗ ತಿರುಗುತ್ತಿತ್ತು.

ಏಪ್ರಿಲ್ 13ರಿಂದ 16

ನಾಲ್ಕು ದಿನ ದಂಡ. ಪ್ರೋಟಾನ್ 9, 8, 7, ಎಕ್ಸ್‌ಪೆರಿಮೆಂಟಲ್, ಎಲ್ಲ ಹಾಕಿ ತೆಗೆದೆ. ಲಾಂಚ್ ಆಪ್ಷನ್ನಿನಲ್ಲಿ ವಲ್ಕನ್ ಬಿಟ್ಟು ಅದಕ್ಕಿಂತ ಹಳೆಯ ಓಪನ್‌ಜಿಎಲ್ ಬಳಸುವ ಸಾಲು ಸೇರಿಸಿದೆ. ಅದರಲ್ಲಿ ಸ್ವಲ್ಪ ವೇಗ ಬಂತು, ಆದರೆ ರಸ್ತೆ ಪೂರ್ತಿ ಕಪ್ಪು, ಮರಗಳು ಗಾಳಿಯಲ್ಲಿ ತೇಲುತ್ತಿದ್ದವು. ರೆಸಲ್ಯೂಷನ್ ಇಳಿಸಿದೆ. ನೆರಳು ತೆಗೆದೆ. ಒಂದು ರಾತ್ರಿ ಸ್ಟೀಮನ್ನೇ ತೆಗೆದು ಮತ್ತೆ ಹಾಕಿದೆ, ಯಾಕೆ ಅಂತ ಈಗ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ.

16ರ ರಾತ್ರಿ ಲಾಗ್ ನೋಡುವ ಬುದ್ಧಿ ಬಂತು. ಲಾಂಚ್ ಆಪ್ಷನ್ನಿನಲ್ಲಿ ‘ಪ್ರೋಟಾನ್ ಲಾಗ್’ ಅನ್ನುವುದಕ್ಕೆ 1 ಅಂತ ಕೊಟ್ಟರೆ ಹೋಮ್ ಫೋಲ್ಡರಿನಲ್ಲಿ ಆಟದ ನಂಬರಿನ ಒಂದು ಫೈಲ್ ಬೀಳುತ್ತದೆ. ಸಾವಿರಾರು ಸಾಲು. ಎಲ್ಲ ಓದಬೇಕಿಲ್ಲ, ಗ್ರಾಫಿಕ್ಸ್ ಕಾರ್ಡಿನ ಹೆಸರು ಯಾವ ಸಾಲಿನಲ್ಲಿದೆ ಅಂತ ಹುಡುಕಿದರೆ ಸಾಕು. ನನ್ನದರಲ್ಲಿ ಕಾರ್ಡಿನ ಹೆಸರು ಇರಬೇಕಾದಲ್ಲಿ ‘ಎಲ್‌ಎಲ್‌ವಿಎಂ ಪೈಪ್’ ಅಂತ ಇತ್ತು. ಅಂದರೆ ಕಾರ್ಡು ಕೈಕಟ್ಟಿ ಕೂತಿದೆ, ಪಾಪದ ಪ್ರೊಸೆಸರೇ ಒಂದೊಂದು ಚುಕ್ಕೆಯನ್ನೂ ಲೆಕ್ಕ ಹಾಕಿ ಬರೆಯುತ್ತಿದೆ. ‘ವಲ್ಕನ್‌ಇನ್ಫೋ’ ಅನ್ನುವ ಪರೀಕ್ಷೆಯ ಕಮಾಂಡ್ ಓಡಿಸಿದರೂ ಅದೇ ಒಂದು ಹೆಸರು.

ಡ್ರೈವರ್ ಮ್ಯಾನೇಜರ್ ತೆರೆದರೆ ಎನ್‌ವಿಡಿಯಾ ಡ್ರೈವರಿನ ಸುದ್ದಿಯೇ ಇಲ್ಲ. ಟರ್ಮಿನಲ್ಲಿನಲ್ಲಿ ‘ಎಲ್‌ಎಸ್‌ಪಿಸಿಐ’ ಹೊಡೆದೆ. ಪಿಸಿಯೊಳಗಿನ ಕಾರ್ಡುಗಳ ಪಟ್ಟಿ ಬಂತು, ಗ್ರಾಫಿಕ್ಸ್ ಕಾರ್ಡಿನ ಸಾಲಿನಲ್ಲಿ ಚಿಪ್ಪಿನ ಹೆಸರು ಜಿಎಫ್108.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಸೆಕೆಂಡ್ ಹ್ಯಾಂಡ್ ಕಾರ್ಡ್ ಕೊಳ್ಳುವವರಿಗೆ ಬೇಕಾದ ಮಾತು. ಜಿಟಿ 730 ಅನ್ನುವ ಒಂದೇ ಹೆಸರಿನಲ್ಲಿ ಬೇರೆ ಬೇರೆ ಚಿಪ್ಪುಗಳಿವೆ. ಜಿಕೆ208 ಅಂತ ಬಂದರೆ ಕೆಪ್ಲರ್ ಪೀಳಿಗೆ, 384 ಕೋರ್, 470ರ ಡ್ರೈವರ್ ನಡೆಯುತ್ತದೆ. ಆ ಡ್ರೈವರಿನಲ್ಲಿ ವಲ್ಕನ್ 1.3 ಇಲ್ಲದ್ದರಿಂದ ಪ್ರೋಟಾನ್ 8ರಿಂದ ಮೇಲೆ ಹೋಗೋಕಾಗಲ್ಲ, 7ರಲ್ಲಿ ಹೇಗೋ ಕಾಲ ಹಾಕಬಹುದು. ಜಿಎಫ್108 ಅಂತ ಬಂದರೆ ಅದಕ್ಕೂ ಹಳೆಯ ಫರ್ಮಿ, 96 ಕೋರ್, ಕೊನೆಯ ಡ್ರೈವರ್ 390, ಅದರ ಬೆಂಬಲವೂ 2022ಕ್ಕೆ ಮುಗಿದಿದೆ. ವಲ್ಕನ್ ಅದಕ್ಕೆ ಯಾವತ್ತೂ ಬರಲೇ ಇಲ್ಲ. 128 ಬಿಟ್, 4 ಜಿಬಿ ಅಂತ ಸ್ಟಿಕ್ಕರಿನಲ್ಲಿ ದೊಡ್ಡ ಅಂಕಿ ಕಂಡರೆ ಹೆಚ್ಚಾಗಿ ಈ ಹಳೆಯದೇ. ದೊಡ್ಡ ಅಂಕಿ ನೋಡಿಯೇ ನಾನು ತಂದಿದ್ದು.

ಏಪ್ರಿಲ್ 17

ಅಂಗಡಿಗೆ ವಾಪಸ್ ಹೋದೆ. “ಸರ್, ಜಿಟಿ 730 ಅಂದ್ರ ಜಿಟಿ 730ನ ರೀ. ನೀವು ಕೇಳಿದ್ದು ಅದನ್ನ, ನಾ ಕೊಟ್ಟಿದ್ದೂ ಅದನ್ನ” ಅಂದ. ಮಾತಿನಲ್ಲಿ ತಪ್ಪಿಲ್ಲ. ಅರ್ಧ ತಾಸು ಚೌಕಾಶಿ ಆಗಿ 1,200 ರೂಪಾಯಿ ಕೊಟ್ಟು ಕಾರ್ಡ್ ವಾಪಸ್ ತಗೊಂಡ. ನನಗೆ 1,000 ಲುಕ್ಸಾನು.

ಈ ಸಲ ಹೆಸರಿನ ಬೆನ್ನು ಹತ್ತದೆ ಚಿಪ್ ನೋಡಿದೆ. ಎಎಂಡಿ ಆರ್‌ಎಕ್ಸ್ 550, 2017ರದ್ದು, ಸುಮಾರು 50 ವ್ಯಾಟ್, ಬೇರೆ ಪವರ್ ಕೇಬಲ್ ಬೇಡ, ಡ್ರೈವರ್ ಕರ್ನಲ್ಲಿನೊಳಗೇ ಇದೆ. ಪರಿಚಯದವರೊಬ್ಬರು ಹುಬ್ಬಳ್ಳಿಗೆ ಹೊರಟಿದ್ದರು, ಅವರ ಕೈಲಿ 4,300ಕ್ಕೆ ತರಿಸಿದೆ.

ಏಪ್ರಿಲ್ 19, ಭಾನುವಾರ

ಕಾರ್ಡ್ ಕೂರಿಸಿದೆ. ಹಿಂದೆ ನೋಡಿದರೆ ವಿಜಿಎ ಇಲ್ಲ! ಎಚ್‌ಡಿಎಂಐ, ಡಿವಿಐ-ಡಿ, ಡಿಸ್‌ಪ್ಲೇ ಪೋರ್ಟ್. ಡಿವಿಐ-ಡಿಯಲ್ಲಿ ಅನಲಾಗ್ ಸಿಗ್ನಲ್ ಬರಲ್ಲ, ಹಾಗಾಗಿ ಅಗ್ಗದ ಸಾದಾ ಡಿವಿಐ ಕನೆಕ್ಟರ್ ನಡೆಯಲ್ಲ. ಜವಾಹರ್ ರಸ್ತೆಯಲ್ಲಿ 180 ರೂಪಾಯಿಗೆ ಎಚ್‌ಡಿಎಂಐನಿಂದ ವಿಜಿಎ ಕನ್ವರ್ಟರ್ ತಂದೆ. 1024ರ ಮೇಲೆ ರೆಸಲ್ಯೂಷನ್ ಏರಲಿಲ್ಲ, ಅಕ್ಷರಗಳ ಅಂಚು ಚಳಿ ಹತ್ತಿದಂತೆ ನಡುಗುತ್ತಿತ್ತು. ಲಗ್ನಪತ್ರಿಕೆ ಮಾಡುವವನಿಗೆ ಅದು ಆಗಿಬರಲ್ಲ. 350 ಕೊಟ್ಟು ಇನ್ನೊಂದು ತಂದೆ. ಅದು ಸರಿಹೋಯಿತು.

‘ವಲ್ಕನ್‌ಇನ್ಫೋ’ದಲ್ಲಿ ಆರ್‌ಎಕ್ಸ್ 550 ಅಂತ ಹೆಸರು ಬಂತು, ವಲ್ಕನ್ 1.3. ಅಳಿಯನನ್ನು ಕೂಗಿದೆ. ಅವನು ಬಂದು ಕೂತ. ಪ್ಲೇ ಒತ್ತಿದೆ. ಗುಂಡಿ ‘ಸ್ಟಾಪ್’ ಆಯಿತು, ಎರಡು ಸೆಕೆಂಡಿಗೆ ಮತ್ತೆ ‘ಪ್ಲೇ’ ಆಯಿತು. ಮತ್ತೆ ಒತ್ತಿದೆ. ಮತ್ತೆ ಅದೇ.

“ಮಾಮಾ, ಮೊದಲಿನ ಕಾರ್ಡ್‌ನಾಗ ತೆರೀತಿತ್ತಲ್ಲ.”

ಅವನು ಸುಮ್ಮನೆ ಅಂದಿದ್ದು. ನನ್ನ ತಲೆಗೆ ಹತ್ತಿದ್ದು ಮಾತ್ರ ‘ಹೊಸ ಕಾರ್ಡೂ ಕೆಟ್ಟದ್ದು’ ಅಂತ. ಹುಬ್ಬಳ್ಳಿಗೆ ಫೋನ್ ಮಾಡಿ ವಾಪಸ್ ತಗೋತೀರಾ ಅಂತಲೂ ಕೇಳಿಬಿಟ್ಟೆ. ಅವರು ಹೂಂ ಅಂದಿದ್ದರೆ ಒಳ್ಳೆಯ ಕಾರ್ಡು ಬಸ್ಸಿನಲ್ಲಿ ವಾಪಸ್ ಹೋಗುತ್ತಿತ್ತು.

ಏಪ್ರಿಲ್ 20

ಸ್ಟೀಮನ್ನು ಮೆನುವಿನಿಂದ ತೆರೆಯದೆ ಟರ್ಮಿನಲ್ಲಿನಿಂದ ತೆರೆದೆ. ಹಾಗೆ ತೆರೆದರೆ ಒಳಗೆ ನಡೆಯುವ ರಗಳೆಯೆಲ್ಲ ಕಣ್ಣ ಮುಂದೆ ಸಾಲುಸಾಲಾಗಿ ಇಳಿಯುತ್ತದೆ. ಪ್ಲೇ ಒತ್ತಿದ ಕೂಡಲೇ ‘ಕಂಪ್ಯಾಟ್‌ಡೇಟಾ’ ಫೋಲ್ಡರಿನ ಹೆಸರಿದ್ದ ಸಾಲಿನಲ್ಲಿ ತಪ್ಪು ತೋರಿಸಿತು. ಗ್ರಾಫಿಕ್ಸಿನ ಮಾತೇ ಇಲ್ಲ.

ಆಗ ನೆನಪಾಯಿತು. 18ರಂದು, ಕಾರ್ಡ್ ಬರುವ ಹಿಂದಿನ ದಿನ, ಎಸ್‌ಎಸ್‌ಡಿಯಲ್ಲಿ ಜಾಗ ಸಾಲುತ್ತಿಲ್ಲ ಅಂತ ಆಟವನ್ನು 500 ಜಿಬಿ ಡಿಸ್ಕಿಗೆ ವರ್ಗಾಯಿಸಿದ್ದೆ. ಅದು ವಿಂಡೋಸ್ ಕಾಲದ ಡಿ ಡ್ರೈವ್, ಫೈಲ್ ಇಡುವ ವಿಧಾನವೂ ವಿಂಡೋಸಿನದೇ: ಎನ್‌ಟಿಎಫ್‌ಎಸ್. ಪ್ರೋಟಾನ್ ಪ್ರತಿ ಆಟಕ್ಕೂ ಆ ‘ಕಂಪ್ಯಾಟ್‌ಡೇಟಾ’ ಫೋಲ್ಡರಿನಲ್ಲಿ ಒಂದು ಸುಳ್ಳು ವಿಂಡೋಸ್ ಮನೆ ಕಟ್ಟುತ್ತದೆ. ಅದರೊಳಗೆ ‘ಸಿ’ ಅಕ್ಷರದ ಮುಂದೆ ಎರಡು ಚುಕ್ಕೆ ಇರುವ ಹೆಸರಿನ ಲಿಂಕ್ ಬೇಕು. ವಿಂಡೋಸಿನ ನಿಯಮದಲ್ಲಿ ಫೈಲಿನ ಹೆಸರಿಗೆ ಆ ಎರಡು ಚುಕ್ಕೆ ನಿಷಿದ್ಧ. ಹಾಗಾಗಿ ಎನ್‌ಟಿಎಫ್‌ಎಸ್ ಡಿಸ್ಕಿನಲ್ಲಿ ಆ ಮನೆಗೆ ಪಾಯವೇ ಬೀಳುವುದಿಲ್ಲ.

ಕಾರ್ಡ್ ಬದಲಾವಣೆ, ಡಿಸ್ಕ್ ಬದಲಾವಣೆ ಎರಡನ್ನೂ ಒಂದೇ ಸಲ ಮಾಡಿ, ತಪ್ಪನ್ನು ಕಾರ್ಡಿನ ತಲೆಗೆ ಕಟ್ಟಿದ್ದೆ. ಬಿಲ್ ಬುಕ್ಕಿನ ಹಿಂದೆ ಆ ದಿನ ನನಗೆ ನಾನೇ ಬರೆದುಕೊಂಡ ಬೈಗುಳವನ್ನು ಇಲ್ಲಿ ಹಾಕಲ್ಲ.

ಎರಡು ದಾರಿ ಇದ್ದವು. ‘ಕಂಪ್ಯಾಟ್‌ಡೇಟಾ’ ಒಂದನ್ನೇ ಎಸ್‌ಎಸ್‌ಡಿಗೆ ತಂದು ಡಿಸ್ಕಿನಲ್ಲಿ ಅದರ ಲಿಂಕ್ ಇಡುವುದು ಒಂದು. ನಾನು ಹಿಡಿದಿದ್ದು ನೇರ ದಾರಿ: ಹಳೇ ಗ್ರಾಹಕರ ಫೋಟೋ ಫೈಲುಗಳನ್ನು ಡಿಸ್ಕಿಗೆ ತಳ್ಳಿ, ಎಸ್‌ಎಸ್‌ಡಿಯಲ್ಲಿ 60 ಜಿಬಿ ಖಾಲಿ ಮಾಡಿ, ಆಟವನ್ನು ವಾಪಸ್ ತಂದೆ. 25 ನಿಮಿಷದ ಕೆಲಸ. ಆಟ ತೆರೆಯಿತು. ರಸ್ತೆ ಡಾಂಬರಿನ ಬಣ್ಣದಲ್ಲೇ ಇತ್ತು.

ಏಪ್ರಿಲ್ 22

ಇದು ನಗುವ ತಕರಾರು. ಬೆಳಿಗ್ಗೆಯಿಂದ ಒಂದು ಗೃಹಪ್ರವೇಶದ ಕಾರ್ಡು ಮಾಡುತ್ತಿದ್ದೆ. ಮಧ್ಯಾಹ್ನ ಅಳಿಯ ಕೂತ. “ಮಾಮಾ, ಗಾಡಿ ಹೋಗವಲ್ದು.” ಬಾಣದ ಕೀ ಒತ್ತಿದರೆ ಮೆನು ಓಡಾಡುತ್ತದೆ, ಡಬ್ಲ್ಯೂ ಒತ್ತಿದರೆ ಆಕ್ಸಿಲರೇಟರ್ ಇಲ್ಲ. ಕೀಬೋರ್ಡ್ ಬಿಚ್ಚಿ ಸಿಕ್ಕಿಸಿದೆ. ಕೀಲಿ ಕಿತ್ತು ಊದಿದೆ. ಕೊನೆಗೆ ಕಣ್ಣಿಗೆ ಬಿದ್ದಿದ್ದು ಕೆಳಗಿನ ಪಟ್ಟಿಯಲ್ಲಿ ‘ಕನ್ನ’ ಅನ್ನುವ ಗುರುತು. ಲೇಔಟ್ ಕನ್ನಡ ಕಗಪದಲ್ಲಿತ್ತು. ಡಬ್ಲ್ಯೂ ಒತ್ತಿದಾಗಲೆಲ್ಲ ಆಟಕ್ಕೆ ಕನ್ನಡ ಅಕ್ಷರ ಹೋಗುತ್ತಿತ್ತು. ಅದಕ್ಕೆ ಕನ್ನಡ ಬರಲ್ಲ.

ಪ್ರತಿ ಸಲ ನೆನಪಿಟ್ಟು ಬದಲಿಸುವುದು ನನ್ನ ಕೈಲಾಗಲ್ಲ. ಲಾಂಚ್ ಆಪ್ಷನ್ನಿನಲ್ಲಿ ಆಟ ಶುರುವಾಗುವ ಮೊದಲು ಕೀಬೋರ್ಡನ್ನು ಇಂಗ್ಲಿಷಿಗೆ ತಿರುಗಿಸುವ ‘ಸೆಟ್‌ಎಕ್ಸ್‌ಕೆಬಿಮ್ಯಾಪ್ ಯುಎಸ್’ ಓಡುವಂತೆ ಸೇರಿಸಿದೆ. ಆಟ ಮುಗಿದ ಮೇಲೆ ಲೇಔಟ್ ತಾನಾಗಿ ಕನ್ನಡಕ್ಕೆ ಬರಲ್ಲ, ನಾನೇ ತಿರುಗಿಸಿಕೊಳ್ಳಬೇಕು. ಪರವಾಗಿಲ್ಲ.

ಏಪ್ರಿಲ್ 23ರಿಂದ 27

ಈಗ ನಿಜವಾದ ಗೋಳು. ಆಟ ಶುರುವಾದಾಗ 720ರ ರೆಸಲ್ಯೂಷನ್ನಿನಲ್ಲಿ ಸೆಕೆಂಡಿಗೆ 45ರಿಂದ 50 ಫ್ರೇಮ್. ಏಳೆಂಟು ನಿಮಿಷ ಅಮೃತ. ಆಮೇಲೆ 30, 20, 12. ಆಟ ಮುಚ್ಚಿ ಚಹಾ ಕುಡಿದು ಬಂದು ತೆರೆದರೆ ಮತ್ತೆ 45. 24ರ ಮಧ್ಯಾಹ್ನ ಅಂತೂ ಪಿಸಿ ಫಟ್ ಅಂತ ಆಫ್ ಆಯಿತು. ಕರೆಂಟ್ ಹೋಯಿತು ಅಂದುಕೊಂಡೆ, ತಲೆಮೇಲೆ ಫ್ಯಾನ್ ತಿರುಗುತ್ತಿತ್ತು.

ಇಷ್ಟು ಓದಿದವರಿಗೆ ಕಾರಣ ಹೊಳೆದಿರುತ್ತದೆ. ನನಗೆ ಐದು ದಿನ ಹೊಳೆಯಲಿಲ್ಲ. ಯಾಕೆಂದರೆ ಪರದೆಯ ಮೂಲೆಯಲ್ಲಿ ಅಂಕಿ ತೋರಿಸುವ ಮ್ಯಾಂಗೋಹಡ್ ಹಾಕಿಕೊಂಡಿದ್ದೆ, ಅದರಲ್ಲಿ ಕಾರ್ಡಿನ ಬಳಕೆ 95ರಿಂದ 40 ಪರ್ಸೆಂಟಿಗೆ ಬೀಳುವುದು ಕಾಣುತ್ತಿತ್ತು. ಕಾರ್ಡು ಸುಮ್ಮನೆ ಕೂರುತ್ತಿದೆ, ಅಂದರೆ ಡ್ರೈವರಿನ ತಪ್ಪು ಅಂತ ತೀರ್ಮಾನಕ್ಕೆ ಬಂದೆ. ಪ್ರೊಸೆಸರಿನ ಬಿಸಿ ತೋರಿಸುವ ಸಾಲು ಮ್ಯಾಂಗೋಹಡ್‌ನಲ್ಲಿ ತಾನಾಗಿ ಬರಲ್ಲ, ಕಾನ್ಫಿಗ್ ಫೈಲಿನಲ್ಲಿ ಬರೆದುಕೊಳ್ಳಬೇಕು. ನಾನು ಬರೆದಿರಲಿಲ್ಲ.

ಶೇಡರ್ ಕ್ಯಾಶ್ ಅಳಿಸಿದೆ. ಪ್ರಯೋಜನ ಇಲ್ಲ. ಗೇಮ್‌ಮೋಡ್ ಹಾಕಿದೆ. ಎಂಟರ ಬದಲು ಆರೇ ನಿಮಿಷಕ್ಕೆ ಬಿದ್ದಿತು. ಪ್ರೊಸೆಸರನ್ನು ಪೂರ್ತಿ ವೇಗಕ್ಕೆ ತಳ್ಳುವುದೇ ಗೇಮ್‌ಮೋಡಿನ ಕೆಲಸ, ಅಂದರೆ ಇದೂ ಒಂದು ಸುಳಿವೇ. ಕಣ್ಣಿದ್ದೂ ನೋಡಲಿಲ್ಲ.

26ರ ಭಾನುವಾರ ಸಂಜೆ ದೊಡ್ಡ ತಪ್ಪು ಮಾಡಿದೆ. ಹೊಸ ಮೆಸಾ ಹಾಕಿದರೆ ಸರಿಹೋದೀತು ಅಂತ ಪಿಪಿಎ ಅನ್ನುವ ಹೊರಗಿನ ಒಂದು ಪ್ಯಾಕೇಜ್ ಸಂಗ್ರಹ ಸೇರಿಸಿ ಅಪ್‌ಗ್ರೇಡ್ ಕೊಟ್ಟೆ. ಅರ್ಧ ಆಗಿತ್ತು, ಗಾಳಿ ಎದ್ದಿತು, ನಾಲ್ಕು ಹನಿ ಮಳೆ, ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಸತ್ತು ಒಂದು ವರ್ಷ ಆಗಿದೆ. ಒಂದು ತಾಸಿನ ಮೇಲೆ ಕರೆಂಟ್ ಬಂದಾಗ ಮಿಂಟಿನ ಲೋಗೋ ಬಂದು ಕಪ್ಪು ಪರದೆಗೆ ನಿಂತುಬಿಟ್ಟಿತು.

ಮರುದಿನ ಬೆಳಿಗ್ಗೆ 10ಕ್ಕೆ ಒಬ್ಬರು ಲಗ್ನಪತ್ರಿಕೆಯ ಪ್ರೂಫ್ ನೋಡಲು ಬರುವವರಿದ್ದರು. ಫೈಲ್ ಇದರಲ್ಲೇ.

ಕಂಟ್ರೋಲ್, ಆಲ್ಟ್, ಎಫ್3 ಒತ್ತಿ ಕಪ್ಪು ಲಾಗಿನ್ ಪರದೆಗೆ ಹೋದೆ. ‘ಡಿಪಿಕೆಜಿ (ಪ್ಯಾಕೇಜ್ ಕೂರಿಸುವ ವ್ಯವಸ್ಥೆ) ನಡುವೆ ನಿಂತಿದೆ, ಕಾನ್ಫಿಗರ್ ಮಾಡು’ ಅಂತ ಅದೇ ಹೇಳಿತು, ಮಾಡಿದೆ. ಮುರಿದದ್ದನ್ನು ಜೋಡಿಸುವ ‘ಫಿಕ್ಸ್ ಬ್ರೋಕನ್’ ಕೊಟ್ಟೆ. ಡೆಸ್ಕ್‌ಟಾಪ್ ಬಂತು, ಆದರೆ ಸ್ಟೀಮ್ ಎದ್ದೇಳಲಿಲ್ಲ: 64 ಬಿಟ್ ಮೆಸಾ ಹೊಸದು, 32 ಬಿಟ್ ಮೆಸಾ ಹಳೆಯದು, ಎರಡಕ್ಕೂ ಜಗಳ. ಸ್ಟೀಮಿಗೆ ಎರಡೂ ಬೇಕು. ರಾತ್ರಿ 11ಕ್ಕೆ ಹಟ ಬಿಟ್ಟು, ಸಿಸ್ಟಮ್ಮನ್ನು ಹಿಂದಿನ ಸ್ಥಿತಿಗೆ ತರುವ ಟೈಮ್‌ಶಿಫ್ಟ್ ತೆರೆದು 21ನೇ ತಾರೀಖಿನ ಸ್ನ್ಯಾಪ್‌ಶಾಟಿಗೆ ವಾಪಸ್ ಹೋದೆ. 14 ನಿಮಿಷ. ಟೈಮ್‌ಶಿಫ್ಟ್ ಹೋಮ್ ಫೋಲ್ಡರಿಗೆ ಕೈಹಾಕದಂತೆ ಇಟ್ಟಿದ್ದರಿಂದ ಲಗ್ನಪತ್ರಿಕೆ ಹೇಗಿತ್ತೋ ಹಾಗೇ ಇತ್ತು. ಮಿಂಟ್ ಹಾಕಿದ ಮೊದಲ ದಿನ ಸ್ನ್ಯಾಪ್‌ಶಾಟ್ ಚಾಲೂ ಮಾಡಿಟ್ಟಿದ್ದು ಈ ಇಡೀ ಕಥೆಯಲ್ಲಿ ನಾನು ಮಾಡಿದ ಒಂದೇ ಜಾಣತನ.

27ರ ರಾತ್ರಿ, ಪ್ರೂಫ್ ಒಪ್ಪಿಗೆ ಆದ ಮೇಲೆ, ಸಮಾಧಾನವಾಗಿ ಕರ್ನಲ್ಲಿನ ಲಾಗ್ ತೆರೆದೆ. ಅದರಲ್ಲಿದ್ದ ಸಾಲುಗಳು: ‘ಕೋರ್ ಬಿಸಿ ಮಿತಿ ಮೀರಿದೆ, ಕ್ಲಾಕ್ ಇಳಿಸಲಾಗಿದೆ’. ಒಂದಲ್ಲ ಎರಡಲ್ಲ, ಪುಟಗಟ್ಟಲೆ. ಬಿಸಿ ತೋರಿಸುವ ‘ಸೆನ್ಸರ್ಸ್’ ಹೊಡೆದು, ಎರಡು ಸೆಕೆಂಡಿಗೊಮ್ಮೆ ನೋಡುತ್ತ ಆಟ ಬಿಟ್ಟೆ. ಸುಮ್ಮನಿದ್ದಾಗಲೇ 68 ಡಿಗ್ರಿ. ನಾಲ್ಕು ನಿಮಿಷಕ್ಕೆ 91. ಏಳನೆಯದಕ್ಕೆ 99. ಮುಂದೆ ಬರೆದಿದ್ದ ಗಂಡಾಂತರದ ಮಿತಿ 100.

ಮೊದಲ ದಿನ ಕಾರ್ಡಿನ ಕೆಲಸವನ್ನೂ ಪ್ರೊಸೆಸರೇ ಮಾಡಿತ್ತಲ್ಲ, ಆಗಲೂ ಬೆಂದೇ ಇರಬೇಕು. ಆ ನಿಧಾನದಲ್ಲಿ ಈ ನಿಧಾನ ನನಗೆ ಕಂಡಿರಲಿಲ್ಲ.

ಮೇ 1, ಶುಕ್ರವಾರ

ಕ್ಯಾಬಿನೆಟ್ಟನ್ನು ಅಂಗಳಕ್ಕೆ ತಂದೆ. ಸಲಕರಣೆ: ಪ್ಲಸ್ ಸ್ಕ್ರೂಡ್ರೈವರ್, ಹಳೇ ಟೂತ್‌ಬ್ರಷ್, ಅಕ್ಕಪಕ್ಕದವರಿಂದ ತಂದ ಬ್ಲೋವರ್, 90 ರೂಪಾಯಿಯ ಐಸೊಪ್ರೊಪೈಲ್ ಸ್ಪಿರಿಟ್, 150 ರೂಪಾಯಿಯ ಥರ್ಮಲ್ ಪೇಸ್ಟ್. ಕಾರ್ಡ್ ಹಾಕುವಾಗ ಎರಡು ಸಲ ಈ ಕ್ಯಾಬಿನೆಟ್ ಬಿಚ್ಚಿದ್ದೆ, ಫ್ಯಾನ್ ತಿರುಗುತ್ತಿದೆ ಅಂತ ನೋಡಿ ಸುಮ್ಮನಾಗಿದ್ದೆ. ಫ್ಯಾನ್ ತಿರುಗುತ್ತಲೇ ಇತ್ತು. ಗಾಳಿ ಮಾತ್ರ ಕೆಳಗೆ ಹೋಗುತ್ತಿರಲಿಲ್ಲ.

ಫ್ಯಾನನ್ನು ಮೇಲೆತ್ತಿದಾಗ ಅಲ್ಯೂಮಿನಿಯಂ ರೆಕ್ಕೆಗಳು ಕಾಣಬೇಕಿತ್ತು, ಕಾಣಲಿಲ್ಲ. ಕಂಬಳಿಯ ತುಂಡಿನಂಥ ಕಪ್ಪು ಚಾಪೆಯೊಂದು ರೆಕ್ಕೆಗಳ ಮೇಲೆ ದುಂಡಗೆ ಹಾಸಿತ್ತು. ಉಗುರಿನಿಂದ ಅಂಚು ಎತ್ತಿದರೆ ದೋಸೆ ಎದ್ದಂತೆ ಪೂರ್ತಿ ಒಂದೇ ತುಂಡಾಗಿ ಎದ್ದು ಬಂತು. ನಮ್ಮ ಪೂರ್ವಕ್ಕೆ ಗಿಣಿಗೇರಿ ಕಡೆ ಕಾರ್ಖಾನೆಗಳಿವೆ. ಗಾಳಿ ಆ ಕಡೆಯಿಂದ ಬೀಸಿದ ದಿನ ಮಾಳಿಗೆ ಮೇಲೆ ಒಣಹಾಕಿದ ಬಿಳಿ ಪಂಚೆ ಕಪ್ಪಾಗುವುದು ಇಲ್ಲಿ ಹೊಸ ಸುದ್ದಿಯಲ್ಲ. ಅಳಿಯ ಒಳಗಿಂದ ಹಳೇ ಸ್ಪೀಕರಿನ ಅಯಸ್ಕಾಂತ ತಂದು ಆ ತುಂಡಿನ ಮೇಲೆ ಹಿಡಿದ. ಧೂಳು ಮುಳ್ಳುಹಂದಿಯ ಹಾಗೆ ಎದ್ದು ನಿಂತಿತು. ಮೂರು ವಾರದಲ್ಲಿ ಅವನು ಇಷ್ಟು ಖುಷಿಯಾಗಿದ್ದು ನಾನು ನೋಡಿರಲಿಲ್ಲ, ಆಟದಲ್ಲೂ.

ಇನ್ನೊಂದು. ಫ್ಯಾನಿನ ನಡುಗೂಟಕ್ಕೆ ದಾರದಂತೆ ಏನೋ ಬಿಗಿಯಾಗಿ ಸುತ್ತಿಕೊಂಡಿತ್ತು. ಬ್ಲೇಡಿನಿಂದ ಕತ್ತರಿಸಿ ಎಳೆದರೆ ಕೂದಲು. ಒಂದು ಗೇಣಿಗಿಂತ ಉದ್ದ, ಹತ್ತಿಪ್ಪತ್ತು ಎಳೆ. ಭಾಗ್ಯನಗರದವರಿಗೆ ಇದರ ಅರ್ಥ ಹೇಳಬೇಕಿಲ್ಲ. ನಮ್ಮ ಓಣಿಯಲ್ಲಿ ಕೂದಲು ಬಿಡಿಸಿ, ತೊಳೆದು, ಕಟ್ಟು ಕಟ್ಟುವ ಮನೆಗಳೇ ಹೆಚ್ಚು. ಅನ್ನದಲ್ಲಿ ಸಿಗುವುದು ಅಭ್ಯಾಸ ಆಗಿದೆ, ಪಿಸಿಯಲ್ಲಿ ಸಿಕ್ಕಿದ್ದು ಇದೇ ಮೊದಲು.

ಕೂಲರ್ ಎತ್ತಿದೆ. ಹಳೇ ಪೇಸ್ಟ್ ಒಣಗಿ ವಿಭೂತಿ ಗಟ್ಟಿಯ ಹಾಗೆ ಚಕ್ಕಳವಾಗಿತ್ತು. ಸ್ಪಿರಿಟ್ ಹಚ್ಚಿ ಬನಿಯನ್ ತುಂಡಿನಿಂದ ಒರೆಸಿದೆ. ಕಡಲೆಕಾಳಿನಷ್ಟು ಹೊಸ ಪೇಸ್ಟ್ ನಡುವೆ ಇಟ್ಟು ಕೂಲರ್ ಒತ್ತಿದೆ. ನಾಲ್ಕು ಪ್ಲಾಸ್ಟಿಕ್ ಕಾಲು, ಎದುರುಬದುರಾಗಿ ಒಂದೊಂದೇ ಒತ್ತಬೇಕು. ಮೂರು ಟಕ್ ಅಂದವು. ನಾಲ್ಕನೆಯದು ಟಕ್ ಅನ್ನದೆ ಚಟ್ ಅಂದಿತು. ಹನ್ನೆರಡು ವರ್ಷ ಬಿಸಿ ತಿಂದ ಪ್ಲಾಸ್ಟಿಕ್, ಮುರಿದೇ ಹೋಯಿತು.

ರಜೆ ದಿನ, ಅಂಗಡಿ ಬಾಗಿಲು ಹಾಕಿತ್ತು. ಮುರಿದ ಕಾಲಿನ ತೂತಿಗೆ ಕೇಬಲ್ ಟೈ ಪೋಣಿಸಿ ಬಿಗಿದೆ. ಚಾಲೂ ಮಾಡಿದರೆ ಡೆಸ್ಕ್‌ಟಾಪ್ ಬರುವಷ್ಟರಲ್ಲಿ 88, ಬ್ರೌಸರ್ ತೆರೆದರೆ 100. ಮೊದಲಿಗಿಂತ ಕೆಟ್ಟಿತು. ಒಂದು ಮೂಲೆ ಕೂದಲೆಳೆಯಷ್ಟು ಎದ್ದಿದ್ದರೂ ಲೋಹಕ್ಕೆ ಲೋಹ ತಾಗಲ್ಲ. ಕೇಬಲ್ ಟೈ ಬಿಟ್ಟು ತಂತಿಯಿಂದ ಬಿಗಿಯಲು ಹೋದೆ. “ಬೋರ್ಡ್ ಸುಟ್ಟೀತು, ಇಡ್ರಿ ಕೆಳಗ” ಅಂತ ಮನೆಯಾಕೆ ತಂತಿ ಕಸಿದುಕೊಂಡಳು. ಅವಳು ಹೇಳಿದ್ದು ಸರಿ ಇತ್ತು.

ಮೇ 2 ಮತ್ತು 3

ಈ ಪ್ರೊಸೆಸರಿನ ಸಾಕೆಟ್ 1150. ಕೂಲರಿನ ತೂತುಗಳ ಅಂತರ 1155, 1156, 1151ಕ್ಕೂ ಒಂದೇ, 75 ಮಿಲಿಮೀಟರ್. ಹಾಗಾಗಿ ‘115ಎಕ್ಸ್ ಕೂಲರ್ ಕೊಡ್ರಿ’ ಅಂದರೆ ಸಾಕು. 550 ರೂಪಾಯಿಗೆ ಹೊಸದು ಸಿಕ್ಕಿತು. ಈ ಸಲ ಮದರ್‌ಬೋರ್ಡನ್ನು ಪೂರ್ತಿ ಹೊರಗೆ ತೆಗೆದು, ಮಂಚದ ಮೇಲೆ ಹಾಸಿದ ದಿನಪತ್ರಿಕೆಯ ಮೇಲಿಟ್ಟು ಕೂರಿಸಿದೆ. ಹಿಂಬದಿಯಿಂದ ನಾಲ್ಕೂ ಕಾಲು ಪೂರ್ತಿ ಹೊರಬಂದು ಅರಳಿವೆಯಾ ಅಂತ ಟಾರ್ಚ್ ಹಿಡಿದು ನೋಡಿದೆ. ಕ್ಯಾಬಿನೆಟ್ಟಿನೊಳಗೇ ಇಟ್ಟು ಒತ್ತಿದ್ದೇ ಮೊದಲ ಸಲದ ತಪ್ಪು: ಬೋರ್ಡು ಬಾಗುತ್ತದೆ, ಕಾಲು ಓರೆಯಾಗುತ್ತದೆ.

3ನೇ ತಾರೀಖು ಭಾನುವಾರ ಮಧ್ಯಾಹ್ನ ಮೂರು ಗಂಟೆ, ಹೊರಗೆ ಕಣ್ಣು ಬಿಡಲಾಗದ ಬಿಸಿಲು. ಸುಮ್ಮನಿದ್ದಾಗ 46 ಡಿಗ್ರಿ. ಆಟ 40 ನಿಮಿಷ ಓಡಿದ ಮೇಲೆ 71. ಫ್ರೇಮ್ 45ಕ್ಕಿಂತ ಕೆಳಗಿಳಿಯಲಿಲ್ಲ. ಅಳಿಯ ಮೂರು ರೇಸ್ ಸೋತ, ಒಂದು ಗೆದ್ದ.

ಲೆಕ್ಕ: ಮೊದಲ ಕಾರ್ಡಿನ ಲುಕ್ಸಾನು 1,000, ಎರಡನೇ ಕಾರ್ಡು 4,300, ಕನ್ವರ್ಟರ್ ಎರಡು ಸೇರಿ 530, ಪೇಸ್ಟ್ ಮತ್ತು ಸ್ಪಿರಿಟ್ 240, ಕೂಲರ್ 550. ಕಾರ್ಡ್ ಹೇಗಿದ್ದರೂ ಬೇಕೇ ಇತ್ತು. ಉಳಿದದ್ದರಲ್ಲಿ 1,180 ನನ್ನ ದಡ್ಡತನದ್ದು.

ಆಗದೇ ಉಳಿದದ್ದು ಎರಡು. ಗೆಳೆಯರ ಜೊತೆ ಆಡಲು ಅವನಿಗೆ ಒಂದು ಶೂಟಿಂಗ್ ಆಟವೂ ಬೇಕಿತ್ತು. ಅದರ ಆಂಟಿ-ಚೀಟ್ (ಮೋಸದ ಆಟ ಹಿಡಿಯುವ ಕಾವಲು) ವಿಂಡೋಸಿನ ಕರ್ನಲ್ಲಿನೊಳಗೆ ಕೂರುವಂಥದ್ದು, ಪ್ರೋಟಾನಿನಲ್ಲಿ ನಡೆಯಲ್ಲ. ಅದಕ್ಕೆ ನಾನು ಒಂದು ತಾಸೂ ಕೊಡಲಿಲ್ಲ, ಆಗಲ್ಲ ಅಂತ ಮೊದಲ ದಿನವೇ ಹೇಳಿಬಿಟ್ಟೆ. ಅವನು ಎರಡು ದಿನ ಮುಖ ಉಬ್ಬಿಸಿಕೊಂಡಿದ್ದ. ಇನ್ನೊಂದು, ಆಟದಲ್ಲಿ ಎಂಜಿನ್ ಜೋರಾದಾಗ ಎಡಗಡೆ ಸ್ಪೀಕರ್ ಚರ್ರ್ ಅನ್ನುತ್ತದೆ. ಧ್ವನಿ ನಡೆಸುವ ಪೈಪ್‌ವೈರಿನ ಬಫರ್ ಹೆಚ್ಚಿಸಿ ನೋಡಿದೆ, ಕಡಿಮೆಯಾಯಿತು, ಹೋಗಲಿಲ್ಲ. ಸ್ಪೀಕರೇ ಹಳೆಯದಿರಬಹುದು, ಅದರ ಜೋಡಿಯ ಅಯಸ್ಕಾಂತವೇ ಮೊನ್ನೆ ಧೂಳು ಎತ್ತಿದ್ದು.

ಮೇ 17

ಅಳಿಯ ನಿನ್ನೆ ಊರಿಗೆ ಹೋದ. ಧೂಳಿನ ತುಂಡನ್ನು ಶಾಲೆಯಲ್ಲಿ ತೋರಿಸಬೇಕಂತೆ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿಕೊಂಡು ಹೋಗಿದ್ದಾನೆ. ಇವತ್ತು ಬೆಳಿಗ್ಗೆ ‘ಸೆನ್ಸರ್ಸ್’ ನೋಡಿದೆ. ಸುಮ್ಮನಿದ್ದಾಗ 49. ಎರಡು ವಾರಕ್ಕೆ ಮೂರು ಡಿಗ್ರಿ ಏರಿದೆ. ಕ್ಯಾಬಿನೆಟ್ಟಿನ ಗಾಳಿಕಂಡಿಗೆ ಮನೆಯಾಕೆಯ ಹಳೇ ನೈಲಾನ್ ಸೀರೆಯ ತುಂಡನ್ನು ಡಬಲ್ ಟೇಪಿನಿಂದ ಅಂಟಿಸಿದ್ದೇನೆ, ಅದೂ ಆಗಲೇ ಬೂದಿ ಬಣ್ಣಕ್ಕೆ ತಿರುಗಿದೆ. ಸೀರೆ ಬಿಚ್ಚಿ ಒಗೆದು ಒಣಹಾಕಿ, ಆಗಸ್ಟ್ 1ಕ್ಕೆ ಕೂಲರ್ ಬಿಚ್ಚುವುದು ಅಂತ ಕ್ಯಾಬಿನೆಟ್ಟಿನ ಪಕ್ಕಕ್ಕೆ ಮಾರ್ಕರಿನಲ್ಲಿ ಬರೆದಿದ್ದೇನೆ.